ಏರುಮಡಿಯ ಆಲೂಗೆಡ್ಡೆಗೆ ಏನಾಗಿದೆ? ಪಶ್ಚಿಮ ಐರ್ಲೆಂಡಿನ ಹೊಲಗಳಿಗೊಂದು ದೋಷ ನಿವಾರಣೆ ಕೈಪಿಡಿ

ಐರ್ಲೆಂಡಿನ ಪಶ್ಚಿಮ ಅಂಚಿನ ಮೇಯೋ, ಗಾಲ್ವೇ, ಡನಗಾಲ್ ಕೌಂಟಿಗಳಲ್ಲಿ ಮನೆಮಟ್ಟಿಗೆ ಆಲೂಗೆಡ್ಡೆ ಬೆಳೆದುಕೊಳ್ಳುವವರಲ್ಲಿ ಕೆಲವರು ಇಂದಿಗೂ ಹಳೆಯ ಏರುಮಡಿಯನ್ನೇ ನೆಚ್ಚಿಕೊಂಡಿದ್ದಾರೆ. ಹುಲ್ಲುನೆಲವನ್ನು ಉಳದೆ, ಮೂರು ನಾಲ್ಕು ಅಡಿ ಅಗಲದ ಪಟ್ಟಿಯ ಮೇಲೆ ಕೊಟ್ಟಿಗೆ ಗೊಬ್ಬರವನ್ನೋ ಕಡಲಕಳೆಯನ್ನೋ ಹರಡಿ, ಅದರ ಮೇಲೆ ಬಿತ್ತನೆ ಗೆಡ್ಡೆಯ ಹೋಳುಗಳನ್ನು ಇಟ್ಟು, ಎರಡೂ ಪಕ್ಕದ ಹುಲ್ಲುಹೆಂಟೆಗಳನ್ನು ‘ಲಾಯ್’ ಎಂಬ, ಒಂದೇ ಬದಿಯಲ್ಲಿ ಪಾದ ಊರುವ ಉದ್ದ ಹಿಡಿಯ ಸಲಿಕೆಯಿಂದ ಮಗುಚಿ ಮುಚ್ಚುವುದು ಇದರ ಕ್ರಮ. ಹೆಂಟೆ ತೆಗೆದ ಜಾಗವೇ ಬಸಿಗಾಲುವೆಯಾಗುತ್ತದೆ. ಇಂಗ್ಲಿಷಿನಲ್ಲಿ ಇದನ್ನು ‘ಲೇಜಿ ಬೆಡ್’, ಅಂದರೆ ಸೋಮಾರಿ ಮಡಿ, ಎನ್ನುತ್ತಾರೆ. ಆ ಹೆಸರಿಟ್ಟವರು ಒಂದು ದಿನವೂ ಲಾಯ್ ಹಿಡಿದಿರಲಾರರು.

ಈ ಮಡಿಯಲ್ಲಿ ಏನೇ ಕೆಟ್ಟರೂ ಜನರ ಬಾಯಿಗೆ ಮೊದಲು ಬರುವ ಹೆಸರು ಅಂಗಮಾರಿ. ಈ ರೋಗದಿಂದಲೇ 1845ರಲ್ಲಿ ಶುರುವಾದ ಕ್ಷಾಮದ ನೆನಪಿರುವ ನೆಲದಲ್ಲಿ ಅದು ಸಹಜವೇ. ಆದರೆ ಅನುಭವದಲ್ಲಿ ಕಂಡಂತೆ, ಅಂಗಮಾರಿಯೆಂದು ಹೆದರಿದ ಎಷ್ಟೋ ಸಂದರ್ಭಗಳಲ್ಲಿ ನಿಜವಾದ ಕಾರಣ ನಿಂತ ನೀರು, ಚಳಿ ಅಥವಾ ಕೆಟ್ಟ ಬಿತ್ತನೆಯಾಗಿರುತ್ತದೆ. ಇವು ಮೂರಕ್ಕೂ ಔಷಧಿ ಅಂಗಡಿಯಲ್ಲಿ ಮದ್ದಿಲ್ಲ. ಹಾಸನದ ಕಡೆಯಿಂದ ಬಂದ ನಾನು, ಇಲ್ಲಿ ಮಡಿ ಮಾಡಿದ ಮೊದಲ ವರ್ಷ, ಹಿಮ ಸುಟ್ಟ ಎಲೆಗೆ ಅಂಗಮಾರಿಯ ಔಷಧ ಹೊಡೆದು, ಪಕ್ಕದ ಹೊಲದ ಹಿರಿಯರ ನಗುವಿಗೆ ಗುರಿಯಾದೆ. ಆ ದಿನ ಅವರು ಹೇಳಿಕೊಟ್ಟ ಕ್ರಮವನ್ನೇ ಈ ಕೈಪಿಡಿ ಅನುಸರಿಸುತ್ತದೆ: ರೋಗಕ್ಕೆ ಹೆಸರಿಡುವ ಮೊದಲು ಮಡಿಯುದ್ದಕ್ಕೂ ನಡೆಯಬೇಕು, ಆಮೇಲೆ ಒಂದು ಗಿಡವನ್ನು ಅಗೆದು ನೋಡಬೇಕು.

ನಡೆಯುವಾಗ ದೋಷ ಎಲ್ಲೆಲ್ಲಿದೆ ಎಂಬುದನ್ನು ಗಮನಿಸಿ. ಮಡಿಯ ತುಂಬ ಒಂದೇ ಸಮನಾಗಿದ್ದರೆ ಕಾರಣ ಹವೆ ಅಥವಾ ಗೊಬ್ಬರ. ಇಳಿಜಾರಿನ ಕೆಳತುದಿಯಲ್ಲಿ ಮಾತ್ರ ಇದ್ದರೆ ನೀರು. ಅಲ್ಲೊಂದು ಇಲ್ಲೊಂದು ಗಿಡ ಕೆಟ್ಟಿದ್ದರೆ ಬಿತ್ತನೆ. ಒಂದು ಕಡೆ ಗುಂಡಗೆ ಹುಟ್ಟಿ ಸುತ್ತಲೂ ಹರಡುತ್ತಿದ್ದರೆ ಅದು ರೋಗವೋ ಮಣ್ಣಿನ ಹುಳುವೋ ಆಗಿರುತ್ತದೆ. ಇಷ್ಟಕ್ಕೆ ಬೇಕಾದ ಸಾಮಾನು ಮಣ್ಣು ಅಗೆಯುವ ಒಂದು ಕವೆಗೋಲು, ಒಂದು ಚಾಕು, ಒಂದು ಪ್ಲಾಸ್ಟಿಕ್ ಚೀಲ.

ನೆಟ್ಟು ಐದು ವಾರ ಕಳೆದರೂ ಮೊಳಕೆ ಮೇಲೆದ್ದಿಲ್ಲ

ಸಂತ ಪ್ಯಾಟ್ರಿಕ್ ದಿನವಾದ ಮಾರ್ಚ್ 17ರ ಹೊತ್ತಿಗೆ ಬೇಗ ಬಲಿಯುವ ತಳಿಗಳನ್ನು ನೆಡುವುದು ಇಲ್ಲಿನ ವಾಡಿಕೆ. ಪಂಚಾಂಗ ನೋಡಿ ನೆಟ್ಟರೂ ಮಣ್ಣು ಪಂಚಾಂಗ ನೋಡುವುದಿಲ್ಲ. ಬೇರಿನ ಆಳದಲ್ಲಿ ಮಣ್ಣಿನ ಉಷ್ಣತೆ 7-8 ಡಿಗ್ರಿ ಸೆಲ್ಸಿಯಸ್ ದಾಟುವವರೆಗೆ ಮೊಳಕೆ ಹೆಚ್ಚು ಮಿಸುಕುವುದಿಲ್ಲ. ಹಾಗಾಗಿ ಮೊದಲು ಮಾಡಬೇಕಾದ ಖರ್ಚಿಲ್ಲದ ಪರೀಕ್ಷೆಯೆಂದರೆ, ಒಂದು ಹೋಳನ್ನು ಕೈಯಿಂದ ಮಣ್ಣು ಸರಿಸಿ ತೆಗೆದು ನೋಡುವುದು.

ಹೋಳು ಗಟ್ಟಿಯಾಗಿದ್ದು, ಕಣ್ಣಿನಿಂದ ಬೆಳ್ಳಗಿನ ಮೊಳಕೆ ಹೊರಟಿದ್ದರೆ ಅದನ್ನು ಹಾಗೆಯೇ ಮುಚ್ಚಿ ಕಾಯಿರಿ. ಮೊಳಕೆ ಮೇಲಿನ ಹೆಂಟೆಗೆ ತಾಗಿ ಸುರುಳಿಯಾಗಿ ಸುತ್ತಿಕೊಂಡಿದ್ದರೆ ಹೆಂಟೆ ಗಡುಸಾಗಿದೆ ಎಂದರ್ಥ. ಅದನ್ನು ಸಲಿಕೆಯಿಂದ ಒಡೆದು ಸಡಿಲಗೊಳಿಸಿದರೆ ಸಾಕು. ಹೋಳು ಮೆತ್ತಗಾಗಿ, ಹಿಸುಕಿದರೆ ಲೋಳೆ ಬಂದು ನಾರುತ್ತಿದ್ದರೆ, ಒಂದೋ ಕತ್ತರಿಸಿದ ಮೈ ಒಣಗಿ ಪೊರೆಗಟ್ಟುವ ಮೊದಲೇ ನೆಟ್ಟಿದ್ದೀರಿ, ಇಲ್ಲವೇ ಮಡಿಯಲ್ಲಿ ನೀರು ನಿಂತಿದೆ. ಅದೇ ಕುಳಿಯೊಳಗೆ ಕೈಯಿಟ್ಟು ನೋಡಿ. ನೀರು ಜಿನುಗಿ ಬೆರಳು ತೋಯ್ದರೆ ಬಸಿಗಾಲುವೆಯ ಕೆಳತುದಿ ಎಲ್ಲೋ ಮುಚ್ಚಿಕೊಂಡಿದೆ. ಕಾಲುವೆ ಬಿಡಿಸದೆ ಮತ್ತೆ ಹೋಳು ನೆಟ್ಟರೆ ಅದೂ ಕೊಳೆಯುತ್ತದೆ.

ಹೋಳೇ ಸಿಗದಿದ್ದರೆ ಕಾಗೆಗಳ ಮೇಲೆ ಅನುಮಾನ ಪಡಿ. ಮಡಿಯ ಮೇಲೆ ಕೊಕ್ಕಿನಿಂದ ಕೆದಕಿದ ಚಿಕ್ಕ ಚಿಕ್ಕ ಗುಂಡಿಗಳು ಕಾಣುತ್ತವೆ. ಗಿಡ ಮೇಲೇಳುವವರೆಗೆ ಬಲೆ ಹೊದಿಸುವುದೇ ಉಪಾಯ. ಮೇ ತಿಂಗಳ ಮಧ್ಯದವರೆಗೂ ಖಾಲಿ ಉಳಿದ ಜಾಗಗಳಿಗೆ ಮೊಳಕೆ ಬರಿಸಿಟ್ಟ ಹೊಸ ಗೆಡ್ಡೆಯನ್ನು, ಕತ್ತರಿಸದೆ ಇಡಿಯಾಗಿ, ನೆಡಬಹುದು.

ರಾತ್ರಿ ಬೆಳಗಾಗುವುದರೊಳಗೆ ಎಲೆ ಕಪ್ಪಾಗಿದೆ

ಮೇ ತಿಂಗಳಲ್ಲಿ, ಆಕಾಶ ತಿಳಿಯಾಗಿ ಗಾಳಿಯಿಲ್ಲದ ರಾತ್ರಿಯ ನಂತರ, ಎಳೆಯ ತುದಿಗಳೆಲ್ಲ ಬೇಯಿಸಿದ ಸೊಪ್ಪಿನಂತೆ ಜೋತುಬಿದ್ದು ಮಧ್ಯಾಹ್ನಕ್ಕೆ ಕಪ್ಪಾದರೆ ಅದು ಹಿಮದ ಸುಡಿತ. ಅಂಗಮಾರಿ ಹೀಗೆ ಒಂದೇ ರಾತ್ರಿಯಲ್ಲಿ ಇಡೀ ಮಡಿಯನ್ನು ಸಮನಾಗಿ ಹಿಡಿಯುವುದಿಲ್ಲ; ಮೇಲಾಗಿ ಹಿಮ ಬೀಳುವಷ್ಟು ಚಳಿಯಲ್ಲಿ ಅದು ಬೆಳೆಯುವುದೂ ಇಲ್ಲ. ಕಪ್ಪಾದ ತುದಿಯನ್ನು ಚಿವುಟದೆ ಬಿಡಿ, ಕಾಂಡದ ಬುಡಕ್ಕೆ ಮಣ್ಣೇರಿಸಿ. ಮಣ್ಣಿನೊಳಗಿನ ಗಿಣ್ಣುಗಳಿಂದ ಎರಡು ಮೂರು ವಾರದಲ್ಲಿ ಹೊಸ ಚಿಗುರು ಬರುತ್ತದೆ, ಇಳುವರಿ ಮಾತ್ರ ಒಂದಿಷ್ಟು ತಡವಾಗುತ್ತದೆ. ಮತ್ತೆ ಹಿಮದ ಮುನ್ಸೂಚನೆಯಿದ್ದರೆ ಸಂಜೆಯೇ ಹಳೆಯ ಹೊದಿಕೆಯನ್ನೋ ಒಣಹುಲ್ಲನ್ನೋ ಮುಚ್ಚಿ, ಬೆಳಿಗ್ಗೆ ತೆಗೆಯಿರಿ.

ಕಡಲ ಬದಿಯ ಹೊಲಗಳಲ್ಲಿ ಇದೇ ಬಗೆಯ ಇನ್ನೊಂದು ಮೋಸವಿದೆ. ಬಿರುಗಾಳಿಯ ಮರುದಿನ ಎಲೆಯಂಚುಗಳು ಸುಟ್ಟಂತಾಗಿ, ಅದೂ ಕಡಲಿಗೆ ಮುಖ ಮಾಡಿದ ಬದಿಯಲ್ಲೇ ಹೆಚ್ಚಾಗಿ ಕಂಡರೆ ಅದು ಉಪ್ಪುಗಾಳಿಯ ಪೆಟ್ಟು. ಅದಕ್ಕೆ ಕಲ್ಲಿನ ಗೋಡೆಯ ಮರೆಯೇ ಮದ್ದು.

ಎಲೆ ಹಳದಿಯಾಗಿದೆ, ಗಿಡ ಕುಗ್ಗಿದೆ

ಇದಕ್ಕೆ ಕಾರಣಗಳು ಹಲವು, ಆದ್ದರಿಂದ ಸುಲಭದ್ದರಿಂದ ಆರಂಭಿಸೋಣ. ಕೆಳಗಿನ ಹಳೆಯ ಎಲೆಗಳು ಇಡಿಯಾಗಿ ತಿಳಿಹಳದಿಯಾಗಿ, ಗಿಡವೆಲ್ಲ ಪೇಲವವಾಗಿದ್ದರೆ ಸಾರಜನಕದ ಕೊರತೆ. ಮಳೆಯ ವರ್ಷಗಳಲ್ಲಿ ಗೊಬ್ಬರದ ಸಾರ ಕೊಚ್ಚಿಹೋಗಿ ಹೀಗಾಗುತ್ತದೆ. ಹಳೆಯ ಎಲೆಯ ನರಗಳು ಹಸಿರಾಗಿಯೇ ಉಳಿದು ನರಗಳ ನಡುವಿನ ಭಾಗ ಮಾತ್ರ ಹಳದಿಯಾದರೆ ಮೆಗ್ನೀಷಿಯಂ ಕೊರತೆ. ಒಂದು ಲೀಟರ್ ನೀರಿಗೆ 20 ಗ್ರಾಂ ಎಪ್ಸಮ್ ಉಪ್ಪು ಕರಗಿಸಿ ಮೋಡದ ದಿನ ಎಲೆಗೆ ಸಿಂಪಡಿಸಿದರೆ ಹೊಸ ಎಲೆಗಳು ಸರಿಹೋಗುತ್ತವೆ.

ಗುಂಪಿನ ನಡುವೆ ಒಂದೇ ಗಿಡ, ಅಥವಾ ಒಂದು ಗಿಡದ ಒಂದೇ ಕಾಂಡ, ಹಳದಿಯಾಗಿ ನೆಟ್ಟಗೆ ನಿಂತಿದ್ದರೆ ಅದನ್ನು ಮೆಲ್ಲಗೆ ಎಳೆಯಿರಿ. ಸಲೀಸಾಗಿ ಕಿತ್ತುಬಂದು, ಬುಡ ಮಸಿ ಬಳಿದಂತೆ ಕಪ್ಪಾಗಿ ಲೋಳೆಯಾಗಿದ್ದರೆ ಅದು ಕಪ್ಪುಬುಡ ರೋಗ, ಬಿತ್ತನೆ ಗೆಡ್ಡೆಯೊಳಗೇ ಬಂದ ಬ್ಯಾಕ್ಟೀರಿಯಾದ ಕೆಲಸ. ಇದಕ್ಕೆ ಸಿಂಪಡಿಸುವ ಮದ್ದಿಲ್ಲ. ಗಿಡವನ್ನೂ ಅದರಡಿಯ ಗೆಡ್ಡೆಗಳನ್ನೂ ತೆಗೆದು ಹೊರಹಾಕಿ, ಆ ಮಡಿಯಿಂದ ಮುಂದಿನ ವರ್ಷಕ್ಕೆ ಬಿತ್ತನೆ ಉಳಿಸಬೇಡಿ. ಕೆಳಗಿನ ಎಲೆಗಳು ದೋಣಿಯಂತೆ ಮೇಲ್ಮುಖವಾಗಿ ಸುರುಟಿ, ಮುಟ್ಟಿದರೆ ಕಾಗದದಂತೆ ಸದ್ದು ಮಾಡಿದರೆ ಅದು ಸಸ್ಯಹೇನು ಹರಡಿದ ಎಲೆಸುರುಳಿ ನಂಜು. ಇಲ್ಲಿಯೂ ಬೇರೆ ದಾರಿಯಿಲ್ಲ, ಪ್ರಮಾಣಿತ ಬಿತ್ತನೆ ತರುವುದೊಂದೇ ಪರಿಹಾರ. ಹಾಸನದ ರೈತರು ವರ್ಷ ವರ್ಷ ಜಲಂಧರದ ಬಿತ್ತನೆಗಾಗಿ ಕಾಯುವುದರ ಹಿಂದೆಯೂ ಇದೇ ಲೆಕ್ಕವಿದೆ.

ಇಲ್ಲಿ ನಿಲ್ಲಿಸಿ, ನೆರವು ಕೇಳಿ: ಒಂದೇ ಜಾಗದಲ್ಲಿ ಗುಂಡಗೆ ಗಿಡಗಳು ಕುಗ್ಗಿದ್ದು, ಬೇರನ್ನು ನೀರಿನಲ್ಲಿ ಮೆಲ್ಲಗೆ ತೊಳೆದಾಗ ಗುಂಡುಸೂಜಿಯ ತಲೆಯಷ್ಟು ಚಿಕ್ಕ, ಬಿಳಿ ಅಥವಾ ಹೊಂಬಣ್ಣದ ಕಾಳುಗಳು ಅಂಟಿಕೊಂಡಿದ್ದರೆ ಅದು ಆಲೂಗೆಡ್ಡೆಯ ಕೋಶ ಜಂತುಹುಳು. ಮಣ್ಣಿನಲ್ಲಿ ವರ್ಷಾನುಗಟ್ಟಲೆ ಉಳಿಯುವ ಈ ಹುಳು ಬೂಟಿಗೆ ಅಂಟಿದ ಮಣ್ಣಿನಲ್ಲೇ ಪಕ್ಕದ ಹೊಲಕ್ಕೆ ಹೋಗುತ್ತದೆ. ಬೂಟು, ಸಲಿಕೆಗಳನ್ನು ಅಲ್ಲೇ ತೊಳೆದು, ಇಲ್ಲಿನ ಕೃಷಿ ಸಲಹಾ ಸಂಸ್ಥೆಯಾದ ಟೀಗಸ್ಕ್‌ನ ಸಲಹೆಗಾರರಿಗೋ ಕೃಷಿ ಇಲಾಖೆಗೋ ತಿಳಿಸಿ. ಹಳದಿ ಮೈಮೇಲೆ ಕಪ್ಪು ಗೆರೆಗಳಿರುವ ಕೊಲರಾಡೊ ದುಂಬಿ ಕಂಡರೂ ಹಾಗೆಯೇ: ಮುಚ್ಚಳವಿರುವ ಡಬ್ಬಿಯಲ್ಲಿ ಹಾಕಿಟ್ಟು ಇಲಾಖೆಗೆ ತಿಳಿಸಬೇಕು. ಅದು ಈ ದೇಶದಲ್ಲಿ ನೆಲೆಯೂರಿಲ್ಲ, ನೆಲೆಯೂರಲೂ ಬಿಡಬಾರದು.

ಎಲೆಯ ಮೇಲೆ ಕಂದು ಮಚ್ಚೆ

ಜೂನ್ ಕಳೆದ ಮೇಲೆ ಮಚ್ಚೆ ಕಂಡರೆ ತಡ ಮಾಡುವಂತಿಲ್ಲ, ಹಾಗೆಂದು ಕಣ್ಣುಮುಚ್ಚಿ ಔಷಧ ಹೊಡೆಯುವಂತೆಯೂ ಇಲ್ಲ. ಮೂರು ಬಗೆಯ ಮಚ್ಚೆಗಳು ಒಂದನ್ನೊಂದು ಹೋಲುತ್ತವೆ. ಒಣಗಿದ ಮಚ್ಚೆಯೊಳಗೆ ಮರದ ಕಾಂಡ ಕೊಯ್ದಾಗ ಕಾಣುವಂಥ ಬಳೆಗಳು ಒಂದರೊಳಗೊಂದು ಇದ್ದು, ಎಲೆಯ ನರಗಳು ಅದಕ್ಕೆ ಮೇರೆ ಕಟ್ಟಿದಂತಿದ್ದರೆ ಅದು ‘ಅರ್ಲಿ ಬ್ಲೈಟ್’ ಎಂಬ ಮುಂಚಿನ ಅಂಗಮಾರಿ. ನಿಧಾನವಾದ ರೋಗ, ಹೊಟ್ಟೆಗಿಲ್ಲದೆ ಸೊರಗಿದ ಗಿಡಕ್ಕೆ ಹೆಚ್ಚು. ಉದುರಿದ ಹೂವಿನ ಎಸಳು ಎಲೆಯ ಮೇಲೆ ಬಿದ್ದು ಅಂಟಿಕೊಂಡ ಜಾಗದಲ್ಲೇ ಮಚ್ಚೆಯಾಗಿ, ಬೂದುಬಣ್ಣದ ಬೂಷ್ಟು ಎದ್ದಿದ್ದರೆ ಅದು ಬೂದು ಬೂಷ್ಟು. ಅದರಿಂದ ಗೆಡ್ಡೆಗೆ ಅಪಾಯವಿಲ್ಲ. ಎಲೆಯ ತುದಿಯಿಂದಲೋ ಅಂಚಿನಿಂದಲೋ ಆರಂಭವಾದ ಕಡುಕಂದು ಮಚ್ಚೆ, ಸುತ್ತ ನೀರಿನಲ್ಲಿ ನೆನೆದಂಥ ತಿಳಿಹಸಿರು ಅಂಚು, ಇಬ್ಬನಿ ಆರುವ ಮೊದಲು ಎಲೆಯ ಅಡಿಯಲ್ಲಿ ಆ ಅಂಚಿನುದ್ದಕ್ಕೂ ಹಿಟ್ಟು ಉದುರಿಸಿದಂಥ ಬಿಳಿ ನವಿರು: ಇವು ಒಟ್ಟಿಗಿದ್ದರೆ ಅದು ನಿಜವಾದ ಅಂಗಮಾರಿ, ಫೈಟೋಫ್ತೊರಾ ಇನ್ಫೆಸ್ಟಾನ್ಸ್.

ಅನುಮಾನವಿದ್ದರೆ ಮಚ್ಚೆಯಿರುವ ಎಲೆಯೊಂದನ್ನು ಒದ್ದೆ ಕಾಗದದೊಡನೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಬಿಸಿಲು ತಾಗದ ಕಡೆ, ಎಲೆಯ ಅಡಿಭಾಗ ಮೇಲೆ ಮಾಡಿ ಒಂದೆರಡು ದಿನ ಇಡಿ. ಮಚ್ಚೆಯ ಅಂಚಿನಲ್ಲಿ ಬಿಳಿ ನವಿರು ಎದ್ದರೆ ಅನುಮಾನ ತೀರಿತು.

ಎಲೆಯ ಜೊತೆಗೆ ಹಿಂದಿನ ವಾರದ ಹವೆಯನ್ನೂ ನೋಡಬೇಕು. ಉಷ್ಣತೆ 10 ಡಿಗ್ರಿಗಿಂತ ಇಳಿಯದೆ, ಗಾಳಿಯ ತೇವಾಂಶ ಶೇಕಡಾ 90ಕ್ಕಿಂತ ಕಡಿಮೆಯಾಗದೆ, ಕನಿಷ್ಠ 12 ಗಂಟೆ ಕಳೆದು, ಆಮೇಲೂ ಎಲೆ ಒದ್ದೆಯಾಗಿಯೇ ಉಳಿದರೆ ರೋಗ ಹರಡಲು ಹದ ಒದಗಿತು ಎಂದು ಆಸ್ಟಿನ್ ಬರ್ಕ್ ಎಂಬ ಹವಾಮಾನ ತಜ್ಞರು 1950ರ ದಶಕದಲ್ಲಿ ಸೂತ್ರ ಕಟ್ಟಿಕೊಟ್ಟರು. ಹವಾಮಾನ ಇಲಾಖೆಯಾದ ಮೆಟ್ ಏರಿನ್ ಹೊರಡಿಸುವ ಅಂಗಮಾರಿ ಎಚ್ಚರಿಕೆಗೆ ‘ಐರಿಷ್ ಸೂತ್ರ’ವೆಂದೇ ಹೆಸರಾದ ಈ ಲೆಕ್ಕವೇ ತಳಹದಿ. ಎಚ್ಚರಿಕೆ ಬಂದ ವಾರ ದಿನಕ್ಕೊಮ್ಮೆ ಎಲೆಯಡಿ ನೋಡಿ. ಒಣಹವೆಯ ವಾರ ಎರಡು ದಿನಕ್ಕೊಮ್ಮೆ ಸಾಕು.

ಮೊದಲು ಮಾಡಬೇಕಾದದ್ದು ಕೈಯ ಕೆಲಸ. ಬೆರಳೆಣಿಕೆಯ ಎಲೆಗಳಲ್ಲಷ್ಟೇ ಮಚ್ಚೆಯಿದ್ದರೆ, ಒಣಗಿದ ಹೊತ್ತಿನಲ್ಲಿ ಅವನ್ನು ಕಿತ್ತು ಚೀಲಕ್ಕೆ ಹಾಕಿ ಹೊರಗೊಯ್ಯಿರಿ. ಮಡಿಯ ನೆತ್ತಿಗೆ ನಾಲ್ಕೈದು ಅಂಗುಲ ಮಣ್ಣೇರಿಸಿ, ಬಿರುಕುಗಳನ್ನು ಮುಚ್ಚಿ. ಎಲೆಯಿಂದ ತೊಳೆದಿಳಿಯುವ ಬೀಜಾಣುಗಳು ಆ ಬಿರುಕುಗಳ ಮೂಲಕವೇ ಗೆಡ್ಡೆಯನ್ನು ಮುಟ್ಟುವುದು. ಔಷಧದ ಮಾತು ಆಮೇಲಿನದು. ಹೆಚ್ಚಿನ ಅಂಗಮಾರಿ ಔಷಧಗಳು ರೋಗ ಬಾರದಂತೆ ತಡೆಯುವಂಥವೇ ಹೊರತು ಬಂದ ಮಚ್ಚೆಯನ್ನು ಅಳಿಸುವಂಥವಲ್ಲ. ಆದ್ದರಿಂದ ಸಿಂಪಡಣೆಗೆ ಬೆಲೆಯಿರುವುದು ಎಚ್ಚರಿಕೆ ಬಂದಾಗ, ಇನ್ನೂ ಹಸಿರಿರುವ ಎಲೆಯ ಮೇಲೆ.

ಹಿಂದೆ ಇಲ್ಲಿನವರು ಮೈಲುತುತ್ತಕ್ಕೆ ವಾಷಿಂಗ್ ಸೋಡಾ ಬೆರೆಸಿ ಮರದ ಪೀಪಾಯಿಯಲ್ಲಿ ದ್ರಾವಣ ಮಾಡಿಕೊಳ್ಳುತ್ತಿದ್ದರು. ಸೋಡಾದ ಬದಲು ಸುಣ್ಣ ಹಾಕಿದರೆ ಅದೇ ನಮ್ಮ ಮಲೆನಾಡಿನ ಬೋರ್ಡೋ. ಅಡಿಕೆಯ ಕೊಳೆರೋಗವೂ ಫೈಟೋಫ್ತೊರಾ ಕುಲದ್ದೇ ಆದ್ದರಿಂದ ಈ ಹೋಲಿಕೆ ಆಕಸ್ಮಿಕವಲ್ಲ. ಆದರೆ ಮಲೆನಾಡಿನ ಅಭ್ಯಾಸವನ್ನು ಇಲ್ಲಿಗೆ ತರಬೇಡಿ. ಇಂದು ಐರ್ಲೆಂಡಿನಲ್ಲಿ ಕೃಷಿ ಇಲಾಖೆಯ ನೋಂದಣಿ ಸಂಖ್ಯೆಯಿರುವ ಔಷಧವನ್ನಷ್ಟೇ ಬಳಸಬಹುದು. ವೃತ್ತಿಪರ ಬಳಕೆಗೆ ಮೀಸಲಾದವನ್ನು ತರಬೇತಿ ಪಡೆದು ನೋಂದಾಯಿಸಿಕೊಂಡವರೇ ಹೊಡೆಯಬೇಕು. ಹಳೆಯ ಕೊಟ್ಟಿಗೆಯಲ್ಲಿ ಮೈಲುತುತ್ತದ ಉಳಿಕೆ ಸಿಕ್ಕಿದರೆ ಕೈಗವಸು, ಕನ್ನಡಕವಿಲ್ಲದೆ ಮುಟ್ಟಬೇಡಿ, ಕಣ್ಣಿಗೆ ಬಿದ್ದರೆ ಅದು ಸುಡುತ್ತದೆ. ಕುರಿಗಳಿಗಂತೂ ತಾಮ್ರ ವಿಷವೇ ಸರಿ; ದ್ರಾವಣ ಚೆಲ್ಲಿದ, ಸಿಂಪಡಿಸಿದ ಜಾಗಕ್ಕೆ ಕುರಿ ಬಿಡಬಾರದು.

ಎಲೆಗಳಲ್ಲಿ ಕಾಲುಭಾಗದಷ್ಟು ಕೆಟ್ಟ ಮೇಲೆ, ಅಥವಾ ಕಾಂಡಕ್ಕೇ ಕಂದುಪಟ್ಟೆ ಇಳಿದ ಮೇಲೆ, ಔಷಧದ ಆಸೆ ಬಿಡಿ. ಸೊಪ್ಪನ್ನೆಲ್ಲ ನೆಲಮಟ್ಟಕ್ಕೆ ಕೊಯ್ದು ಹೊಲದಿಂದ ಹೊರಗೆ ಸಾಗಿಸಿ, ಕನಿಷ್ಠ ಎರಡು ವಾರ, ಸಾಧ್ಯವಾದರೆ ಮೂರು ವಾರ, ಅಗೆಯದೆ ಕಾಯಿರಿ. ಅಷ್ಟರಲ್ಲಿ ಮೇಲ್ಮಣ್ಣಿನ ಬೀಜಾಣುಗಳು ಸಾಯುತ್ತವೆ, ಗೆಡ್ಡೆಯ ಸಿಪ್ಪೆ ಬಲಿಯುತ್ತದೆ. ಅವಸರಪಟ್ಟು ಮರುದಿನವೇ ಅಗೆದರೆ ನೀವೇ ಕೈಯಾರೆ ಗೆಡ್ಡೆಗೆ ರೋಗ ಬಳಿದಂತಾಗುತ್ತದೆ.

ಸರಿಯಾದ ಕಾರಣ ಗೊತ್ತಿರುವುದು ಎಷ್ಟು ದೊಡ್ಡ ಸಂಗತಿ ಎಂಬುದಕ್ಕೆ ಈ ನೆಲವೇ ಸಾಕ್ಷಿ. 1845ರಲ್ಲಿ ರೋಗ ಮೊದಲು ಬಂದಾಗ ಸರ್ಕಾರ ನೇಮಿಸಿದ ಕೇನ್, ಲಿಂಡ್ಲೆ, ಪ್ಲೇಫೇರ್ ಎಂಬ ವಿಜ್ಞಾನಿಗಳು ಇದನ್ನು ಅತಿತೇವದ ಕೊಳೆತವೆಂದು ಬಗೆದು, ಗೆಡ್ಡೆಗಳನ್ನು ಒಣಗಿಸಿ ಗಾಳಿಯಾಡುವ ಗುಂಡಿಯಲ್ಲಿಡಲು ಸಲಹೆ ಕೊಟ್ಟರು, ಗುಂಡಿಯಲ್ಲಿಟ್ಟದ್ದೂ ಕೊಳೆಯಿತು. ಸೂಕ್ಷ್ಮಜೀವಿಯೇ ಕಾರಣವೆಂದು ಜರ್ಮನಿಯ ಸಸ್ಯವಿಜ್ಞಾನಿ ಆಂಟನ್ ಡಿ ಬಾರಿ ಪ್ರಯೋಗದಿಂದ ತೋರಿಸಿದ್ದು 1860ರ ದಶಕದಲ್ಲಿ. ಅದಕ್ಕೂ ಮೊದಲೇ, 1845-52ರ ಕ್ಷಾಮದಲ್ಲಿ, ಸುಮಾರು 10 ಲಕ್ಷ ಜನ ಸತ್ತಿದ್ದರು, ಹೆಚ್ಚುಕಡಿಮೆ ಅಷ್ಟೇ ಜನ ದೇಶ ಬಿಟ್ಟಿದ್ದರು. ಬಡವರು ಬಹುಪಾಲು ಲಂಪರ್ ಎಂಬ ಒಂದೇ ತಳಿಯನ್ನು ನೆಚ್ಚಿದ್ದರು. ಹೋಳಿನಿಂದ ಹೋಳಿಗೆ ಬೆಳೆದ ಗಿಡಗಳೆಲ್ಲ ಒಂದೇ ರಕ್ತದವಾದ್ದರಿಂದ ಒಂದನ್ನು ಕೊಲ್ಲುವ ರೋಗ ಎಲ್ಲವನ್ನೂ ಕೊಂದಿತು. ಈ ಕಾರಣದಿಂದಲೇ ಪ್ರತಿವರ್ಷ ಅಂಗಮಾರಿ ಬರುವ ಹೊಲದಲ್ಲಿ ಕೆರ್ಸ್ ಪಿಂಕ್ ತಳಿಯೊಂದನ್ನೇ ನೆಡದೆ, ಒಂದು ಮಡಿಯನ್ನಾದರೂ ಸಾರ್ಪೊ ಮಿರಾದಂಥ ತಡೆಶಕ್ತಿಯ ತಳಿಗೆ ಬಿಡುವುದು ಜಾಣತನ.

ಅಗೆದಾಗ ಗೆಡ್ಡೆಯೇ ಸರಿಯಿಲ್ಲ

ಸಿಪ್ಪೆಯ ಮೇಲೆ ಬೆಂಡಿನಂಥ ಒರಟು ಹುರುಕಿದ್ದರೆ ಗೆಡ್ಡೆ ಕಟ್ಟುವ ಹೊತ್ತಿಗೆ ಮಣ್ಣು ಒಣಗಿತ್ತು, ಇಲ್ಲವೇ ಮಣ್ಣಿನಲ್ಲಿ ಸುಣ್ಣದಂಶ ಹೆಚ್ಚಾಗಿತ್ತು ಎಂದರ್ಥ. ಕಡಲತೀರದಲ್ಲಿ ಚಿಪ್ಪುಮರಳು ಹಾಕಿದ ಮಡಿಗಳಲ್ಲಿ ಇದು ಸಾಮಾನ್ಯ. ಆಲೂಗೆಡ್ಡೆ ನೆಡುವ ವರ್ಷ ಸುಣ್ಣವನ್ನಾಗಲಿ ಚಿಪ್ಪುಮರಳನ್ನಾಗಲಿ ಹಾಕದಿದ್ದರೆ ಕಡಿಮೆಯಾಗುತ್ತದೆ. ಸಿಪ್ಪೆ ಹೆರೆದು ತಿನ್ನಲು ಅಡ್ಡಿಯಿಲ್ಲ. ಹುರುಕು ಗುಳ್ಳೆಯಂತೆ ಒಡೆದು ಕಂದುಪುಡಿ ಉದುರಿದರೆ ಅದು ಪುಡಿಹುರುಕು. ಅದು ತೇವದ ರೋಗ, ಮತ್ತೆ ಬಸಿಗಾಲುವೆಯ ಕಡೆಗೇ ನೋಡಬೇಕು.

ಕಡ್ಡಿಯಿಂದ ಚುಚ್ಚಿದಂಥ ನೇರ ಸಣ್ಣ ತೂತುಗಳು ತಂತಿಹುಳುವಿನವು. ಹೊಂಗಂದು ಬಣ್ಣದ, ಬಿರುಸಾದ, ಒಂದಂಗುಲ ಉದ್ದದ ಈ ಹುಳು ಹುಲ್ಲುಬೇರಿನಲ್ಲಿ ಬದುಕುವಂಥದ್ದು. ಹಳೆಯ ಹುಲ್ಲುನೆಲವನ್ನೇ ಮಗುಚಿ ಮಾಡುವ ಏರುಮಡಿ ಅದರ ಮನೆಯ ಮೇಲೆಯೇ ಊಟ ಬಡಿಸಿದಂತೆ. ನೆಡುವ ಮೊದಲು ಅರ್ಧ ಆಲೂಗೆಡ್ಡೆಯನ್ನು ಕಡ್ಡಿಗೆ ಚುಚ್ಚಿ ಒಂದು ಗೇಣು ಆಳದಲ್ಲಿ ಹೂತು, ಒಂದು ವಾರ ಬಿಟ್ಟು ತೆಗೆದು ನೋಡಿ. ನಾಲ್ಕೈದು ಕಡೆ ಇಟ್ಟ ಹೋಳುಗಳಲ್ಲೆಲ್ಲ ಹುಳು ಸಿಕ್ಕರೆ ಆ ವರ್ಷ ಅಲ್ಲಿ ನೆಡಬೇಡಿ. ತೂತಿನ ಬಾಯಿ ಚಿಕ್ಕದಾಗಿ ಒಳಗೆ ಗುಹೆಯಾಗಿದ್ದರೆ ಅದು ಚಿಪ್ಪಿಲ್ಲದ ಬಸವನಹುಳುವಿನದು. ಸೆಪ್ಟೆಂಬರ್ ದಾಟದಂತೆ ಅಗೆಯುವುದೇ ಅದಕ್ಕೆ ಉತ್ತರ.

ಸಿಪ್ಪೆಯ ಕೆಳಗೆ ಇಟ್ಟಿಗೆಗೆಂಪು-ಕಂದು ಬಣ್ಣದ ಕಲೆ ಒಳಮುಖವಾಗಿ ಹರಡಿದ್ದರೆ ಅಂಗಮಾರಿ ಗೆಡ್ಡೆಗೆ ಇಳಿದಿದೆ. ಅಂಥದ್ದನ್ನು ಶೇಖರಿಸಬೇಡಿ, ಬಿತ್ತನೆಗಂತೂ ಬೇಡವೇ ಬೇಡ.

ಬೆಳಕು ತಾಗಿ ಹಸಿರಾದ ಗೆಡ್ಡೆಯ ವಿಷಯದಲ್ಲಿ ಉದಾಸೀನ ಸಲ್ಲದು. ಹಸಿರು ಬಣ್ಣದ ಜೊತೆಗೆ ಸೊಲನಿನ್ ಎಂಬ ವಿಷವೂ ಹೆಚ್ಚುತ್ತದೆ, ಅದು ಬೇಯಿಸಿದರೂ ಹೋಗುವುದಿಲ್ಲ. ಹೆಚ್ಚು ಹಸಿರಾದದ್ದನ್ನೂ, ಬೆಂದ ಮೇಲೆ ಕಹಿಯೆನಿಸಿದ್ದನ್ನೂ ಎಸೆಯಿರಿ. ತಿಂದವರಿಗೆ ವಾಂತಿ, ಹೊಟ್ಟೆನೋವು, ಭೇದಿ ಶುರುವಾದರೆ, ಮಕ್ಕಳಾದರಂತೂ, ಮನೆಮದ್ದಿನಲ್ಲಿ ಹೊತ್ತು ಕಳೆಯದೆ ವೈದ್ಯರಲ್ಲಿಗೆ ಹೋಗಬೇಕು. ದನಕ್ಕೂ ಹಸಿರು ಗೆಡ್ಡೆ, ಸೊಪ್ಪು ಹಾಕಬಾರದು. ಒಳ್ಳೆಯ ಗೆಡ್ಡೆಯನ್ನೂ ಇಡಿಯಾಗಿ ಹಾಕಿದರೆ ಗಂಟಲಿಗೆ ಸಿಕ್ಕಿಕೊಳ್ಳುವ ಅಪಾಯವಿದೆ.

ಬೇಯಿಸಿದರೆ ಹಿಟ್ಟಾಗುವುದಿಲ್ಲ

ಸಿಪ್ಪೆ ಬಿರಿದು ಹಿಟ್ಟು ನಗುವಂಥ ಗೆಡ್ಡೆಯೇ ಇಲ್ಲಿನವರಿಗೆ ಗೆಡ್ಡೆ. ಅದು ಒದ್ದೆಯಾಗಿ ಸೋಪಿನಂತಿದ್ದರೆ ಮೊದಲು ತಳಿ ನೋಡಿ. ಎಳೆಯದಾಗಿ ಅಗೆದದ್ದೂ ಹಾಗಿರುತ್ತದೆ. ತಳಿಯೂ ಬಲಿತದ್ದೂ ಸರಿಯಿದ್ದರೆ ಕಡಲಕಳೆಯ ಕಡೆ ನೋಡಿ. ಅದರ ಉಪ್ಪಿನಲ್ಲಿರುವ ಕ್ಲೋರೈಡ್ ಗೆಡ್ಡೆಯ ಒಣ ಅಂಶವನ್ನು ಇಳಿಸುತ್ತದೆ. ಚಳಿಗಾಲದಲ್ಲೇ ಹರಡಿ ಮಳೆಗೆ ಉಪ್ಪು ತೊಳೆದುಹೋಗಲು ಬಿಟ್ಟರೆ ಈ ದೂರು ಬಹುಮಟ್ಟಿಗೆ ತೀರುತ್ತದೆ.

ಗುಂಡಿಯಿಂದ ನಾತ ಬರುತ್ತಿದೆ

ಒಣ ಎತ್ತರದ ಜಾಗದಲ್ಲಿ ಗೆಡ್ಡೆಯನ್ನು ಮನೆಯ ಮಾಡಿನಾಕಾರದಲ್ಲಿ ಒಟ್ಟಿ, ಒಣಹುಲ್ಲು ಅಥವಾ ಜೊಂಡು ಹೊದಿಸಿ, ಮೇಲೆ ಅರ್ಧ ಅಡಿ ಮಣ್ಣು ಮೆತ್ತುವ, ಹೆಸರಿಗಷ್ಟೇ ‘ಗುಂಡಿ’ಯಾದ ರಾಶಿಯಲ್ಲಿ ತೊಂದರೆ ಮೊದಲು ಕಣ್ಣಿಗೆ ಕಾಣುತ್ತದೆ, ಆಮೇಲೆ ಮೂಗಿಗೆ. ಹಿಮ ಬಿದ್ದ ಬೆಳಿಗ್ಗೆ ಒಂದು ಕಡೆ ಮಾತ್ರ ಹಿಮ ಕರಗಿ ಹಬೆಯಾಡುತ್ತಿದ್ದರೆ ಅದರಡಿಯಲ್ಲಿ ಬಿಸಿ ಹುಟ್ಟಿದೆ. ಆ ಜಾಗ ಕೆಲವೇ ದಿನಗಳಲ್ಲಿ ಕುಸಿಯುತ್ತದೆ. ಒಣಹವೆಯ ದಿನ ಅಲ್ಲಿಂದಲೇ ತೆರೆದು, ಕೊಳೆತದ್ದನ್ನೂ ಅದಕ್ಕೆ ತಾಗಿ ಒದ್ದೆಯಾದದ್ದನ್ನೂ ತೆಗೆದು, ಉಳಿದದ್ದನ್ನು ಗಾಳಿಗೆ ಆರಲು ಬಿಟ್ಟು ಬೇರೆ ಕಡೆ ಒಟ್ಟಿ. ಅರ್ಧಕ್ಕಿಂತ ಹೆಚ್ಚು ಕೆಟ್ಟಿದ್ದರೆ ಉಳಿದದ್ದನ್ನು ಮತ್ತೆ ಗುಂಡಿಗೆ ಹಾಕದೆ ಬೇಗ ಬಳಸಿಬಿಡಿ.

ಗುಂಡಿಯ ಬದಲು ಬಾಗಿಲು ಮುಚ್ಚಿದ ಕೋಣೆಯಲ್ಲೋ ನೆಲಮಾಳಿಗೆಯಲ್ಲೋ ಇಟ್ಟಿದ್ದರೆ ಒಂದು ಎಚ್ಚರಿಕೆ: ಕೊಳೆಯುವ ರಾಶಿ ಕೋಣೆಯ ಆಮ್ಲಜನಕವನ್ನು ತಿಂದು ಉಸಿರುಗಟ್ಟಿಸುವ ಅನಿಲ ತುಂಬಿಸುತ್ತದೆ. ಗಾಢವಾದ ನಾತವಿದ್ದರೆ ಬಾಗಿಲು ಕಿಟಕಿಗಳನ್ನು ಹೊತ್ತುಗಟ್ಟಲೆ ತೆರೆದಿಟ್ಟ ಮೇಲಷ್ಟೇ, ಹೊರಗೊಬ್ಬರನ್ನು ನಿಲ್ಲಿಸಿಕೊಂಡು, ಒಳಗೆ ಹೋಗಿ. ಒಳಗೆ ಯಾರಾದರೂ ಬಿದ್ದಿದ್ದರೆ ಹಿಂದೆಯೇ ನುಗ್ಗದೆ 112ಕ್ಕೆ ಕರೆ ಮಾಡಿ.

ಆರಿಸಿ ತೆಗೆದ ಕೆಟ್ಟ ಗೆಡ್ಡೆಗಳನ್ನು ಬೇಲಿಯ ಮೂಲೆಗೆ ಎಸೆಯುವುದು ಎಲ್ಲ ಊರಿನಲ್ಲೂ ಇರುವ ಅಭ್ಯಾಸ. ಮಾರ್ಚಿನಲ್ಲಿ ಆ ರಾಶಿಯೇ ಚಿಗುರಿ, ಜೂನಿಗೆ ಸುತ್ತಲಿನ ಹೊಲಗಳಿಗೆ ಅಂಗಮಾರಿಯ ಮೊದಲ ಬೀಜಾಣುಗಳನ್ನು ತೂರುತ್ತದೆ. ಎರಡಡಿ ಆಳಕ್ಕೆ ಹೂಳಿ, ಇಲ್ಲವಾದರೆ ಕಪ್ಪು ಪ್ಲಾಸ್ಟಿಕ್ ಹೊದಿಸಿ ಅಂಚಿಗೆ ಕಲ್ಲು ಹೇರಿ. ಹಳೆಯ ಮಡಿಯಲ್ಲಿ ತಾನಾಗಿ ಎದ್ದ ಗಿಡಗಳನ್ನೂ ಅದೇ ದಿನ ಕಿತ್ತುಹಾಕಿ.